ಅಮ್ಮನ ಕಾವಲಿ, ಅಜ್ಜಿಯ ಹಂಚು



ಕಳೆದ ದೀಪಾವಳಿಗೆ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ನರಕ ಚತುರ್ದಶಿಯ ಬೆಳಗ್ಗೆ ಎಣ್ಣೆನೀರು ಮುಗಿಸಿ ದೋಸೆಗೆ ಕುಳಿತಾಗ, ಬೆಂಗಳೂರಿನಿಂದ ಬಂದಿದ್ದ ನನ್ನ ತಮ್ಮನ ಮೊಮ್ಮಗಳು ಒಲೆಯ ಮೇಲಿದ್ದ ಕಾವಲಿಯನ್ನು ತೋರಿಸಿ, "ದೊಡ್ಡ ತಾತ, ಇದು ಎಷ್ಟು ಹಳೆಯದು?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ನಾಲ್ಕಾರು ಕಡೆಯಿಂದ ಉತ್ತರ ಬಂದಿತು. "ಮುತ್ತಜ್ಜಿ ಮದುವೆಯಾಗಿ ಬರುವಾಗ ಎತ್ತಿನ ಗಾಡಿಯಲ್ಲಿ ತಂದದ್ದು", "ಅದಕ್ಕೂ ಹಿಂದಿನದು, ಇನ್ನೂರು ವರ್ಷವಾದರೂ ಆಗಿರಬೇಕು", "ಟಿಪ್ಪೂ ಕಾಲದ್ದು" ಎಂದು ಒಬ್ಬರ ಮೇಲೊಬ್ಬರು ವರ್ಷಗಳನ್ನು ಏರಿಸುತ್ತಾ ಹೋದರು. ಮಗು ಮತ್ತೆ ನನ್ನತ್ತಲೇ ನೋಡಿತು. ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿದವನು ನಾನು. "ಆಧಾರವಿಲ್ಲದೆ ಇಸವಿ ಬರೆಯಬೇಡಿ" ಎಂದು ನಿಮಗೆಲ್ಲ ಉತ್ತರ ಪತ್ರಿಕೆಯಲ್ಲಿ ಕೆಂಪು ಶಾಯಿಯಿಂದ ಬರೆದು ಅಂಕ ಕಳೆದವನು. ನನ್ನ ಮನೆಯ ಅಡುಗೆಕೋಣೆಯ ವಸ್ತುವಿನ ವಿಷಯದಲ್ಲಿ ನನ್ನಲ್ಲಿ ಯಾವ ಆಧಾರವೂ ಇರಲಿಲ್ಲ. "ವಿಚಾರಿಸಿ ಹೇಳುತ್ತೇನೆ ಮಗು" ಎಂದೆ. ಆ ವಿಚಾರಣೆಯ ಫಲವೇ ಈ ಬರಹ.

ಮೊದಲು ಶಬ್ದದಿಂದ ಆರಂಭಿಸೋಣ. ನಮ್ಮ ಹಳೆಯ ಮೈಸೂರು ಹಾಗೂ ಮಲೆನಾಡಿನ ಕಡೆ ದೋಸೆ ಹೊಯ್ಯುವ ಸಾಧನಕ್ಕೆ 'ಕಾವಲಿ' ಎನ್ನುತ್ತೇವೆ. 'ಕಾಯು', 'ಕಾವು' ಎಂಬ ಮಾತುಗಳ ಬಳಗಕ್ಕೆ ಸೇರಿದ ಪದವಿದು, ಕಾಯುವಂಥದ್ದು ಕಾವಲಿ. ಉತ್ತರ ಕರ್ನಾಟಕದ ಕಡೆಗೆ ಹೋದರೆ ರೊಟ್ಟಿ ಸುಡುವುದು 'ಹಂಚಿ'ನ ಮೇಲೆ. ಮನೆಯ ಮಾಡಿಗೆ ಹೊದಿಸುವುದೂ ಹಂಚೇ. ಒಂದೇ ಶಬ್ದಕ್ಕೆ ಈ ಎರಡು ಅರ್ಥಗಳು ಏಕೆ ಬಂದವು ಎಂದು ಒಂದು ಗಳಿಗೆ ಯೋಚಿಸಿದರೆ ಇತಿಹಾಸದ ಬಾಗಿಲು ತಾನಾಗಿ ತೆರೆಯುತ್ತದೆ. ಎರಡೂ ಒಂದು ಕಾಲಕ್ಕೆ ಸುಟ್ಟ ಮಣ್ಣಿನವು. ಕರಾವಳಿಯ ಹವ್ಯಕ ಮನೆಗಳಲ್ಲಿ ಮಣ್ಣಿನ ಓಡಿನ ಮೇಲೆ ಹೊಯ್ಯುವ 'ಓಡುಪಾಳೆ' ಎಂಬ ದೋಸೆ ಇಂದಿಗೂ ಇದೆ. ಅಂದರೆ ನಮ್ಮ ರೊಟ್ಟಿ, ದೋಸೆಗಳ ಮೊದಲ ಆಸರೆ ಕಬ್ಬಿಣವಲ್ಲ, ಕುಂಬಾರನ ಮಣ್ಣು. ವಸ್ತು ಬದಲಾದರೂ ಹೆಸರು ಹಳೆಯದೇ ಉಳಿಯಿತು. ಭಾಷೆಯು ಎಷ್ಟೋ ಸಲ ಶಾಸನಗಳು ಹೇಳದ ಸಂಗತಿಯನ್ನು ಹೇಳುತ್ತದೆ.

ದೋಸೆಯೂ ಹಳೆಯದೇ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಧೋಸಕ' ಎಂಬ ತಿನಿಸಿನ ಮಾತು ಬರುತ್ತದೆ. ಅದು ಬೇಳೆಕಾಳುಗಳಿಂದ ಮಾಡುತ್ತಿದ್ದ ತಿನಿಸು. ನಮ್ಮ ಅಕ್ಕಿ ಉದ್ದಿನ ಹುಳಿ ದೋಸೆಯಲ್ಲ. ಅದಕ್ಕೂ ಒಂದು ಶತಮಾನ ಹಿಂದೆ, 1025ರ ಸುಮಾರಿನಲ್ಲಿ, ಚಾವುಂಡರಾಯನು ಬರೆದ 'ಲೋಕೋಪಕಾರ'ದಲ್ಲಿ ಅಡುಗೆಗೆಂದೇ ಒಂದು ಅಧ್ಯಾಯವಿದೆ. ಆದ್ದರಿಂದ ತಿನಿಸಿನ ಇತಿಹಾಸ ಬೇರೆ, ಅದನ್ನು ಮಾಡುವ ಪಾತ್ರೆಯ ಇತಿಹಾಸ ಬೇರೆ. ದೋಸೆ ಹಳೆಯದಾದ ಮಾತ್ರಕ್ಕೆ ಕಾವಲಿಯೂ ಹಳೆಯದಾಗಬೇಕಿಲ್ಲ.

ಇನ್ನು ಕಬ್ಬಿಣದ ವಿಚಾರ. ನಮ್ಮ ನಾಡಿಗೆ ಕಬ್ಬಿಣ ಹೊಸತಲ್ಲ. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಡಾ. ಎಂ. ಎಸ್. ನಾಗರಾಜರಾಯರು 1965ರಲ್ಲಿ ನಡೆಸಿದ ಉತ್ಖನನದಲ್ಲಿ ದೊರೆತ ಕಬ್ಬಿಣದ ಬಾಣದ ಮೊನೆಗಳು ಕ್ರಿ.ಪೂ. 1000ದ ಆಸುಪಾಸಿನವೆಂದು ಗುರುತಿಸಲ್ಪಟ್ಟವು. ಇಂಗ್ಲಿಷರು 'ವೂಟ್ಸ್' ಎಂದು ಕರೆದು ಬೆರಗಾದ ದಕ್ಷಿಣ ಭಾರತದ ಲೋಹದ ಹೆಸರು ನಮ್ಮ 'ಉಕ್ಕು' ಎಂಬ ಪದದಿಂದಲೇ ಬಂದದ್ದೆಂಬುದು ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಗೆದ್ದ ನಾಡಿನಲ್ಲಿ ಏನೇನಿದೆ ಎಂದು ನೋಡಿ ಬರಲು ಕಂಪನಿ ಸರ್ಕಾರವು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿತು. ಆತ 1800-01ರಲ್ಲಿ ಊರೂರು ಸುತ್ತಿ ಬರೆದ ಪ್ರವಾಸ ಕಥನ 1807ರಲ್ಲಿ ಅಚ್ಚಾಯಿತು. ಮಾಗಡಿ, ಮಧುಗಿರಿ, ಚಿಕ್ಕನಾಯಕನಹಳ್ಳಿಯ ಸೀಮೆಗಳಲ್ಲಿ ಅದಿರನ್ನೂ ಕರಿಮರಳನ್ನೂ ಇದ್ದಿಲಿನೊಡನೆ ಕುಲುಮೆಗೆ ಹಾಕಿ, ತಿದಿಯೊತ್ತಿ ಕಬ್ಬಿಣ ತೆಗೆಯುತ್ತಿದ್ದ ಜನರನ್ನು ಆತ ಕಂಡಿದ್ದ. ಯಾರಿಗೆ ಎಷ್ಟು ಪಾಲು ಎಂಬುದನ್ನು ಸಹ ಲೆಕ್ಕ ಹಾಕಿ ಬರೆದಿಟ್ಟಿದ್ದಾನೆ.

ಇಲ್ಲಿಯೇ ನನ್ನ ವಿಚಾರಣೆಗೆ ಮೊದಲ ತಿರುವು ಸಿಕ್ಕಿದ್ದು. ನನ್ನ ಸಹೋದ್ಯೋಗಿಯಾಗಿದ್ದ ವಿಜ್ಞಾನದ ಮೇಷ್ಟ್ರೊಬ್ಬರು ಇದನ್ನು ನನಗೆ ಬಿಡಿಸಿ ಹೇಳಿದರು. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹಳ್ಳಿಯ ಮಣ್ಣಿನ ಕುಲುಮೆಯಲ್ಲಿ ಅಷ್ಟು ಕಾವು ಏರುವುದಿಲ್ಲ. ಆದ್ದರಿಂದ ಅಲ್ಲಿ ಕಬ್ಬಿಣ ನೀರಾಗಿ ಹರಿಯುತ್ತಿರಲಿಲ್ಲ. ಕಿಟ್ಟದೊಡನೆ ಬೆರೆತ ರಂಧ್ರಮಯವಾದ ಮುದ್ದೆಯಾಗಿ ತಳದಲ್ಲಿ ನಿಲ್ಲುತ್ತಿತ್ತು. ಆ ಮುದ್ದೆಯನ್ನು ಕೆಂಪಗೆ ಕಾಯಿಸಿ ಬಡಿದು ಬಡಿದು ಕಿಟ್ಟ ಕಳೆಯಬೇಕು. ಹಾಗೆ ಬಡಿದು ಪಳಗಿದ ಕಬ್ಬಿಣವು ಮೃದು, ಬಾಗುತ್ತದೆ, ಒಡೆಯುವುದಿಲ್ಲ. ನೇಗಿಲ ಗುಳ, ಕುಡುಗೋಲು, ಗಾಡಿಯ ಪಟ್ಟಿ ಎಲ್ಲವೂ ಆಗುತ್ತಿದ್ದುದು ಇದರಿಂದ. ಕಮ್ಮಾರನು ರೊಟ್ಟಿಯ ಹಂಚು ಮಾಡಿಕೊಟ್ಟರೆ ಅದೂ ಇದರಿಂದಲೇ: ತೆಳ್ಳಗೆ, ಸುತ್ತಿಗೆಯ ಏಟಿನ ಗುರುತುಗಳೊಡನೆ.

ನಮ್ಮ ದಪ್ಪ ಕಾವಲಿಯದು ಬೇರೆಯೇ ಜಾತಿ. ಅದು ಎರಕದ್ದು, ಆಡುಮಾತಿನಲ್ಲಿ 'ಬೀಡು' ಎನ್ನುತ್ತೇವಲ್ಲ, ಆ ಕಬ್ಬಿಣ. ಎತ್ತರದ ಊದು ಕುಲುಮೆಯಲ್ಲಿ ಬಲವಾಗಿ ಗಾಳಿ ಊದಿದಾಗ ಕಬ್ಬಿಣವು ಇದ್ದಿಲಿನ ಇಂಗಾಲವನ್ನು ಹೀರಿಕೊಳ್ಳುತ್ತದೆ. ನೂರಕ್ಕೆ ನಾಲ್ಕರಷ್ಟು ಇಂಗಾಲ ಸೇರಿತೆಂದರೆ ಕರಗುವ ಮಟ್ಟವು 1150 ಡಿಗ್ರಿಯ ಸಮೀಪಕ್ಕೆ ಇಳಿದುಬಿಡುತ್ತದೆ. ಆಗ ಕಬ್ಬಿಣ ಪಾಯಸದಂತೆ ಹರಿಯುತ್ತದೆ. ಅದನ್ನು ಮರಳಿನ ಅಚ್ಚಿಗೆ ಹೊಯ್ದರೆ ಬೇಕಾದ ಆಕಾರ ಪಡೆಯಬಹುದು. ಆದರೆ ಇದನ್ನು ಸುತ್ತಿಗೆಯಿಂದ ಬಡಿಯುವಂತಿಲ್ಲ, ಬಡಿದರೆ ಸೀಳುತ್ತದೆ. ಚೀನೀಯರು ಈ ವಿದ್ಯೆಯನ್ನು ಕ್ರಿ.ಪೂ. 5ನೆಯ ಶತಮಾನದ ಹೊತ್ತಿಗೇ ಅರಿತಿದ್ದರು. ಯುರೋಪಿಗೆ ಇದು ಬಂದದ್ದು ಎಷ್ಟೋ ಶತಮಾನಗಳ ನಂತರ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಕೈಗಾರಿಕಾ ಕ್ರಾಂತಿಯ ಪಾಠವನ್ನು ನಾನು ಎಷ್ಟು ಸಲ ಮಾಡಿರುವೆನೋ ಲೆಕ್ಕವಿಲ್ಲ. ನೂಲುವ ಯಂತ್ರ, ಹಬೆ ಯಂತ್ರ, ಕಲ್ಲಿದ್ದಲು ಎಂದು ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದುದು ನಿಮಗೆ ನೆನಪಿರಬಹುದು. 1709ರಲ್ಲಿ ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್ ಎಂಬಲ್ಲಿ ಅಬ್ರಹಾಂ ಡಾರ್ಬಿ ಇದ್ದಿಲಿನ ಬದಲು ಕೋಕ್ ಬಳಸಿ ಕಬ್ಬಿಣ ಕರಗಿಸಿದ ಎಂದೂ ಹೇಳುತ್ತಿದ್ದೆ. ಆದರೆ ಅದಕ್ಕೆ ಎರಡು ವರ್ಷ ಹಿಂದೆ, 1707ರಲ್ಲಿ, ಅದೇ ಡಾರ್ಬಿ ಪಡೆದ ಹಕ್ಕುಪತ್ರ ಯಾವುದಕ್ಕೆ ಎಂಬುದನ್ನು ಒಂದು ಸಲವೂ ಹೇಳಲಿಲ್ಲ. ಅದು ಮರಳಿನ ಅಚ್ಚಿನಲ್ಲಿ ಕಬ್ಬಿಣದ ಅಡುಗೆ ಪಾತ್ರೆ ಎರಕ ಹೊಯ್ಯುವ ವಿಧಾನಕ್ಕೆ! ಬ್ರಿಸ್ಟಲ್ ನಗರದಲ್ಲಿ ಹಿತ್ತಾಳೆ ಸಾಮಾನು ತಯಾರಿಸುತ್ತಿದ್ದ ಅವನು ಅಗ್ಗದ ಪಾತ್ರೆ ಮಾಡಹೊರಟು, ಅದಕ್ಕೆ ಅಗ್ಗದ ಕಬ್ಬಿಣ ಬೇಕೆಂದು ಕೋಕ್‌ನ ಕಡೆ ತಿರುಗಿದ. ಮುಂದೆ ಲೋಕವನ್ನೇ ಬದಲಿಸಿದ ಒಂದು ಹೆಜ್ಜೆಯ ಹಿಂದೆ ಬಡವರ ಮನೆಯ ಅಡುಗೆ ಪಾತ್ರೆಯಿತ್ತು. ಪಠ್ಯಪುಸ್ತಕದಲ್ಲಿ ಯಂತ್ರಗಳಿಗೆ ಜಾಗವಿತ್ತು, ಪಾತ್ರೆಗೆ ಇರಲಿಲ್ಲ. ನಾನೂ ಕೇಳಲಿಲ್ಲ.

ನಮ್ಮ ದೇಶದಲ್ಲಿ ದೊಡ್ಡ ಊದು ಕುಲುಮೆ ಕಟ್ಟುವ ಪ್ರಯತ್ನ 1830ರ ದಶಕದಲ್ಲಿ ತಮಿಳುನಾಡಿನ ಪರಂಗಿಪೇಟೆಯಲ್ಲಿ ನಡೆದು, ಕೊನೆಗೆ ಸೋತಿತು. ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆಯಲ್ಲಿ ಕಬ್ಬಿಣ ಹರಿದದ್ದು 1911ರಲ್ಲಿ. ಮೈಸೂರು ಸಂಸ್ಥಾನಕ್ಕೆ ಆ ಭಾಗ್ಯ ಬಂದದ್ದು 1923ರ ಜನವರಿಯಲ್ಲಿ, ಭದ್ರಾವತಿಯಲ್ಲಿ. ಹಿಂದೆ ಬೆಂಕಿಪುರವೆಂದು ಕರೆಯುತ್ತಿದ್ದ ಊರದು. ಹೆಸರು ಮುಂದಾಗುವುದನ್ನು ಮೊದಲೇ ಹೇಳಿದಂತಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಸಂಕಲ್ಪದಿಂದ ಎದ್ದ ಕಾರ್ಖಾನೆ. 1918ರಲ್ಲಿ ದಿವಾನಗಿರಿಯನ್ನು ಬಿಟ್ಟಿದ್ದರೂ, ಕಾರ್ಖಾನೆ ಕಷ್ಟಕ್ಕೆ ಸಿಕ್ಕಾಗ 1923ರಲ್ಲಿ ಅವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು, 1929ರವರೆಗೆ ನಿಂತು ಅದನ್ನು ಕೈಹಿಡಿದು ನಡೆಸಿದರು. ಅದಿರು ಬರುತ್ತಿದ್ದುದು ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯಿಂದ. ಕಲ್ಲಿದ್ದಲ ಗಣಿಗಳು ಬಿಹಾರ, ಬಂಗಾಳಗಳಷ್ಟು ದೂರ. ಆದ್ದರಿಂದ ಭದ್ರಾವತಿಯ ಕುಲುಮೆಯು ಇದ್ದಿಲನ್ನೇ ಉಂಡಿತು. ಮಲೆನಾಡಿನ ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಬಟ್ಟಿ ಇಳಿಸಿ, ಇದ್ದಿಲಿನ ಜೊತೆಗೆ ಮದ್ಯಸಾರ, ಡಾಂಬರುಗಳನ್ನೂ ಪಡೆಯುತ್ತಿದ್ದರು. ವಿದ್ಯುತ್ ಕುಲುಮೆಗಳು ಬಂದದ್ದು 1950ರ ದಶಕದಲ್ಲಿ. ಅಲ್ಲಿಯವರೆಗೆ ಎಷ್ಟು ಕಾಡು ಆ ಕುಲುಮೆಯ ಹೊಟ್ಟೆಗೆ ಹೋಯಿತೆಂಬುದನ್ನು ನೆನೆದರೆ, ಭದ್ರಾವತಿಯ ಬೀಡಿನಿಂದಾದ ಕಾವಲಿಯಲ್ಲಿ ನಮ್ಮ ಸೀಮೆಯ ಮರಗಳೂ ಸೇರಿವೆ ಎನ್ನಬೇಕು. ಹಳ್ಳಿಯ ಕುಲುಮೆಗಳು ಅದಕ್ಕೂ ಮೊದಲೇ, ಪರದೇಶದಿಂದ ಹಡಗಿನಲ್ಲಿ ಬಂದ ಅಗ್ಗದ ಕಬ್ಬಿಣದ ಮುಂದೆ ಒಂದೊಂದಾಗಿ ಆರಿಹೋಗಿದ್ದವು. ಕಾರ್ಖಾನೆಯ ಮುಂದಿನ ಕಥೆ ನಿಮಗೆ ಗೊತ್ತೇ ಇದೆ. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಪ್ರಕಟವಾಗಿ, ಕಾರ್ಮಿಕರ ಹೋರಾಟದ ಬಳಿಕ ಅದೇ ವರ್ಷ ಅದರ ಒಂದು ಭಾಗ ಮತ್ತೆ ಚಾಲನೆಗೊಂಡಿತು.

ಇಷ್ಟನ್ನು ಓದಿಕೊಂಡು, ಕನ್ನಡಕ ಹಾಕಿಕೊಂಡು, ನಮ್ಮ ಕಾವಲಿಯನ್ನು ಅಂಗಳದ ಬಿಸಿಲಿಗೆ ಒಯ್ದು ಮಗುಚಿ ನೋಡಿದೆ. ತೂಕ ನಾಲ್ಕು ಕಿಲೋ ಆದೀತು. ಹಿಂಬದಿಯಲ್ಲಿ ಮರಳಿನ ತರಿತರಿ ಗುರುತು ಸ್ಪಷ್ಟವಾಗಿತ್ತು. ನಟ್ಟನಡುವೆ ನಾಣ್ಯದಗಲದ ಒಂದು ಉಬ್ಬು. ಕಾದ ಲೋಹವನ್ನು ಅಚ್ಚಿಗೆ ಹೊಯ್ದ ಬಾಯಿಯ ಗುರುತು. ಕಿವಿಗಳೆರಡೂ ಬೆಸೆದವಲ್ಲ, ಮೈಯೊಡನೆಯೇ ಎರಕವಾದವು. ಸುತ್ತಿಗೆಯ ಏಟು ಒಂದೂ ಇಲ್ಲ. ನಮ್ಮೂರಿನ ಕಮ್ಮಾರನ ಕೈಯಿಂದ ಬಂದದ್ದಲ್ಲ ಇದು. ಮುತ್ತಜ್ಜಿ ನಮ್ಮ ಮನೆಗೆ ಕಾಲಿಟ್ಟದ್ದು ಭದ್ರಾವತಿಯ ಕುಲುಮೆ ಹೊತ್ತಿಕೊಳ್ಳುವುದಕ್ಕೆ ಎಷ್ಟೋ ವರ್ಷಗಳ ಹಿಂದೆ. ಹಾಗಾದರೆ ಗಾಡಿಯಲ್ಲಿ ಬಂದ ಕಾವಲಿಯ ಕಥೆ ಎಲ್ಲಿಂದ ಬಂತು? ಮನೆಯಲ್ಲಿ ಹಿರಿಯರೆಂದರೆ ಈಗ ನಮ್ಮ ದೊಡ್ಡಕ್ಕ ಒಬ್ಬಳೇ. ಎಂಬತ್ತರ ಹತ್ತಿರ ಬಂದಿದ್ದಾಳೆ. ನೆನಪು ಮಾತ್ರ ಸುಣ್ಣದ ಗೋಡೆಯ ಮೇಲೆ ಬರೆದಂತಿದೆ. ಶಿವಮೊಗ್ಗಕ್ಕೆ ದೂರವಾಣಿ ಮಾಡಿದೆ.

"ಅಕ್ಕ, ನಮ್ಮ ದೋಸೆ ಕಾವಲಿ ಮುತ್ತಜ್ಜಿ ತಂದದ್ದಾ?"

"ಯಾರು ಹೇಳಿದ್ದು? ಅದು ಅಪ್ಪ ತಂದದ್ದು ಕಣೋ. ನಾನು ಹುಟ್ಟಿದ ವರ್ಷ. ಭದ್ರಾವತಿಯಿಂದ ರೈಲಿನಲ್ಲಿ ಗೋಣಿಚೀಲಕ್ಕೆ ಹಾಕ್ಕೊಂಡು ತಂದರಂತೆ. ಬಾಣಂತಿ ಮನೆಗೆ ಕಬ್ಬಿಣ ತಂದ ಅಂತ ಅಜ್ಜಿ ಬೈದರಂತೆ. ಅಮ್ಮ ನೂರು ಸಲ ಹೇಳಿದಾಳೆ."

ಅಕ್ಕ ಹುಟ್ಟಿದ್ದು 1947ರಲ್ಲಿ. ಇನ್ನೂರು ವರ್ಷದ ಕಾವಲಿ ಒಂದೇ ಮಾತಿಗೆ ಎಂಬತ್ತಕ್ಕೂ ಒಳಗೆ ಇಳಿಯಿತು. ಇಲ್ಲಿಗೆ ನಿಲ್ಲಿಸಿದ್ದರೆ ನಗುನಗುತ್ತಾ ಈ ಬರಹ ಮುಗಿಸಬಹುದಿತ್ತು. ನಾನು ಮುಂದುವರಿದು, "ಹಾಗಾದರೆ ಮುತ್ತಜ್ಜಿ ಗಾಡಿಯಲ್ಲಿ ತಂದದ್ದು ಅನ್ನುವುದೆಲ್ಲ ಸುಳ್ಳಾ?" ಎಂದೆ.

"ಸುಳ್ಳು ಯಾಕೆ? ತಂದದ್ದು ಹೌದು. ಅದು ಇದಲ್ಲ. ಆ ತೆಳ್ಳನೆಯ ರೊಟ್ಟಿ ಹಂಚು. ಬಡಿದು ಮಾಡಿದ್ದು, ಒಂದು ಕಡೆ ಸ್ವಲ್ಪ ಸೊಟ್ಟ ಇತ್ತು. ನೀನೇ ಅಲ್ವೇನೋ ಅದನ್ನು ಗುಜರಿಯವನಿಗೆ ಹಾಕಿದ್ದು?"

ನಾನು ಬಹಳ ಹೊತ್ತು ಮಾತಾಡಲಿಲ್ಲ. ಅಕ್ಕನೇ, "ಕೇಳಿಸ್ತಾ ಇದೆಯೇನೋ?" ಎಂದು ಎರಡು ಸಲ ಕೇಳಿದಳು.

ನೆನಪು ಬಂದಿತು. 1986ರ ಬೇಸಿಗೆ. ನನಗೆ ಕೆಲಸ ಸಿಕ್ಕು ಮೂರು ವರ್ಷ, ಮದುವೆಯಾಗಿ ಒಂದು ವರ್ಷ. ಮನೆಯನ್ನು ಹೊಸದು ಮಾಡುವ ಹುಮ್ಮಸ್ಸಿನಲ್ಲಿದ್ದೆ. ಅಟ್ಟದಿಂದ ಮುರುಕಲು ಸಾಮಾನನ್ನೆಲ್ಲ ಇಳಿಸಿ, ಬೀದಿಯಲ್ಲಿ ಕೂಗಿಕೊಂಡು ಬಂದ ಗುಜರಿಯವನ ತಕ್ಕಡಿಗೆ ಹಾಕಿದೆ. ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದ ಆ ಸೊಟ್ಟ ಹಂಚನ್ನೂ ತೂಕಕ್ಕೆ ಸೇರಿಸಿದೆ. ಕೈಗೆ ಬಂದದ್ದು ಕೆಲವೇ ರೂಪಾಯಿ. ಅಂದು ಸಂಜೆ ಅಮ್ಮ ಅಕ್ಕಿರೊಟ್ಟಿಗೆ ಹಿಟ್ಟು ಕಲಸಿಟ್ಟು ಮೊಳೆಯ ಕಡೆ ನೋಡಿ, "ರೊಟ್ಟಿ ಹಂಚು ಎಲ್ಲೋ?" ಎಂದಳು. "ಅದನ್ನು ಕೊಟ್ಟುಬಿಟ್ಟೆ ಅಮ್ಮ, ಪೇಟೆಯಿಂದ ಹೊಸ ಅಲ್ಯೂಮಿನಿಯಂ ಕಾವಲಿ ತಂದಿದ್ದೇನಲ್ಲ" ಎಂದೆ. ಅಮ್ಮ ಮರುಮಾತಾಡಲಿಲ್ಲ. ಆ ರಾತ್ರಿ ದಪ್ಪ ಕಾವಲಿಯ ಮೇಲೆಯೇ ರೊಟ್ಟಿ ತಟ್ಟಿದಳು. ಅವಳು 2009ರಲ್ಲಿ ತೀರಿಕೊಳ್ಳುವವರೆಗೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ಆಕೆಯ ಅತ್ತೆಯ ಅತ್ತೆ ತವರಿನಿಂದ ತಂದಿದ್ದ ವಸ್ತು. ನಮ್ಮ ಸೀಮೆಯ ಹೆಸರಿಲ್ಲದ ಯಾವನೋ ಕಮ್ಮಾರ ಬಡಿದದ್ದು. ಬಹುಶಃ ಬುಕಾನನ್ ಕಂಡಿದ್ದಂಥ ಹಳ್ಳಿಯ ಕುಲುಮೆಗಳ ಕೊನೆಯ ತಲೆಮಾರಿನ ಕಬ್ಬಿಣವೂ ಆಗಿದ್ದೀತು. ಅದನ್ನು ತಿಳಿಯುವ ದಾರಿಯನ್ನು ನಾನೇ ಮುಚ್ಚಿದ್ದೆ. ಅಂದು ಬೆಳಗ್ಗೆ ತರಗತಿಯಲ್ಲಿ 'ಇತಿಹಾಸದ ಆಧಾರಗಳು' ಎಂಬ ಪಾಠ ಮಾಡಿದ್ದೆನೋ ಏನೋ!

ವಸ್ತು ಹೋದ ಮೇಲೆ ಅದರ ಕಥೆ ಬೀದಿಪಾಲಾಗಲಿಲ್ಲ. ಮನೆಯಲ್ಲಿ ಉಳಿದಿದ್ದ ಇನ್ನೊಂದು ಕಬ್ಬಿಣವನ್ನು ಹಿಡಿದುಕೊಂಡು ಬದುಕಿತು. ಹೀಗೆ ಅಪ್ಪ ತಂದ ಕಾವಲಿಗೆ ಮುತ್ತಜ್ಜಿಯ ವಯಸ್ಸು ಬಂದಿತು. ಐತಿಹ್ಯಗಳು ಹುಟ್ಟುವುದು ಹೀಗೆಯೇ. ಅವುಗಳನ್ನು ಪೂರ್ತಿ ನಂಬಬಾರದು. ಪೂರ್ತಿ ತಳ್ಳಿಹಾಕಲೂ ಬಾರದು.

ಈಗ ಉಳಿದಿರುವ ಕಾವಲಿಯ ಆರೈಕೆಯ ವಿಚಾರ. ಅಮ್ಮ ಇದಕ್ಕೆ 'ಪಳಗಿಸುವುದು' ಎನ್ನುತ್ತಿದ್ದಳು. ಹೋರಿಯನ್ನು ಪಳಗಿಸುವುದಕ್ಕೂ ಕಾವಲಿಯನ್ನು ಪಳಗಿಸುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಹೊಸ ಕಾವಲಿಯನ್ನು ಮೂರು ದಿನ ಅಕ್ಕಚ್ಚಿನಲ್ಲಿ ನೆನೆಹಾಕಿ, ದಿನವೂ ತೆಂಗಿನ ನಾರಿನಿಂದ ತಿಕ್ಕಿ ನೀರು ಬದಲಿಸಬೇಕು. ಆಮೇಲೆ ಒರೆಸಿ, ಸಣ್ಣ ಉರಿಯಲ್ಲಿ ಕಾಯಿಸಿ, ಬಟ್ಟೆಯ ಉಂಡೆಯಿಂದ ಎಣ್ಣೆ ಸವರಬೇಕು. ಎಣ್ಣೆ ಕಂಡೂ ಕಾಣದಷ್ಟು ತೆಳ್ಳಗಿರಬೇಕು. ಹೊಗೆಯಾಡಿದ ಮೇಲೆ ಆರಲು ಬಿಟ್ಟು ಮತ್ತೆ ಸವರಬೇಕು. ಹೀಗೆ ಐದಾರು ಸಲ. ನಂತರ ಅರ್ಧ ಹೆಚ್ಚಿದ ಈರುಳ್ಳಿಯಿಂದಲೋ ಬದನೆಕಾಯಿಯ ತೊಟ್ಟಿನಿಂದಲೋ ಉಜ್ಜಿ ದೋಸೆ ಹೊಯ್ಯಬೇಕು. ಮೊದಲ ಕೆಲವು ದೋಸೆ ಹಸುವಿಗೆ. ಅವು ಏಳದೆ ಕಿತ್ತುಬಂದರೆ ಕಾವಲಿಯನ್ನು ಬೈಯಬಾರದು, ಮತ್ತೆ ಎಣ್ಣೆ ಸವರಬೇಕು.

ಇದರಲ್ಲಿ ಮಾಯವೇನೂ ಇಲ್ಲ. ಕಾದ ಕಬ್ಬಿಣದ ಮೇಲೆ ಎಣ್ಣೆಯು ಗಾಳಿಯ ಆಮ್ಲಜನಕದೊಡನೆ ಸೇರಿ, ಅದರ ಅಣುಗಳು ಒಂದಕ್ಕೊಂದು ಕೈಹಿಡಿದು ಗಟ್ಟಿ ಪೊರೆಯಾಗುತ್ತವೆ. ಅಗಸೆ ಎಣ್ಣೆ ಹಚ್ಚಿದ ಮರದ ಬಾಗಿಲು ಒಣಗಿ ಹೊಳೆಯುವುದೂ ಇದೇ ಬಗೆಯಲ್ಲಿ. ಹುಚ್ಚೆಳ್ಳು, ಎಳ್ಳು, ಶೇಂಗಾ ಎಣ್ಣೆಗಳು ಹೀಗೆ ಗಟ್ಟಿಯಾಗುತ್ತವೆ. ತೆಂಗಿನೆಣ್ಣೆಗೆ ಆ ಗುಣ ಬಹಳ ಕಡಿಮೆ. ದೋಸೆಗೆ ಅದು ರುಚಿ, ಪಳಗಿಸಲು ಅಲ್ಲ. ಎಣ್ಣೆ ದಪ್ಪವಾದರೆ ಒಣಗದೆ ಅಂಟುಅಂಟಾಗಿ ಉಳಿಯುತ್ತದೆ.

ಅಮ್ಮನ ಕಟ್ಟಳೆಗಳು ನನಗೆ ಬಾಲ್ಯದಲ್ಲಿ ಮೂಢನಂಬಿಕೆಗಳಂತೆ ಕಾಣುತ್ತಿದ್ದವು. ಮನೆಯ ಎಲ್ಲ ಪಾತ್ರೆಗಳನ್ನೂ ಬೂದಿ ಮತ್ತು ಹುಣಸೆಹಣ್ಣಿನಿಂದ ಬೆಳಗುತ್ತಿದ್ದ ಆಕೆ ದೋಸೆ ಕಾವಲಿಗೆ ಎರಡನ್ನೂ ಮುಟ್ಟಿಸುತ್ತಿರಲಿಲ್ಲ. ಕಾರಣ ಈಗ ತಿಳಿಯುತ್ತದೆ. ಬೂದಿಯ ಕ್ಷಾರವು ಎಣ್ಣೆಯ ಪೊರೆಯನ್ನು ಸಾಬೂನಿನಂತೆ ಕರಗಿಸುತ್ತದೆ. ಹುಣಸೆಯ ಹುಳಿ ಅದರಡಿಯ ಕಬ್ಬಿಣವನ್ನೇ ತಿನ್ನುತ್ತದೆ. ದೋಸೆ ಕಾವಲಿಯ ಮೇಲೆ ಚಪಾತಿ ಸುಡಬಾರದೆಂದೂ ಹೇಳುತ್ತಿದ್ದಳು. ಎಣ್ಣೆಯಿಲ್ಲದ ಒಣ ಕಾವು ಹೆಚ್ಚಾದರೆ ಪೊರೆ ಸುಟ್ಟುಹೋಗುತ್ತದೆ. ಕಾದ ಕಾವಲಿಯನ್ನು ತಣ್ಣೀರಿಗೆ ಇಡಬಾರದೆಂಬುದೂ ಸರಿಯೇ. ಎರಕದ ಕಬ್ಬಿಣಕ್ಕೆ ಬಾಗುವ ಗುಣವಿಲ್ಲ, ಒಮ್ಮೆಲೇ ಕುಗ್ಗಿದರೆ ಬಿರಿಯುತ್ತದೆ. ಎರವಲು ಕೊಡುವುದಂತೂ ಇಲ್ಲವೇ ಇಲ್ಲ. ವರ್ಷಗಟ್ಟಲೆ ಕಟ್ಟಿದ ಪೊರೆಯನ್ನು ಪರರ ಮನೆಯ ಒಂದು ಹಿಡಿ ಬೂದಿ ಒಂದು ಗಂಟೆಯಲ್ಲಿ ಕಳೆಯಬಲ್ಲದು.

ದಪ್ಪ ಕಾವಲಿಯೇ ದೋಸೆಗೆ ಏಕೆ ಎಂದು ಕೇಳುವವರಿಗೆ ಒಂದು ಸಣ್ಣ ಲೆಕ್ಕ. ಒಂದು ಕಿಲೋ ಕಬ್ಬಿಣಕ್ಕಿಂತ ಒಂದು ಕಿಲೋ ಅಲ್ಯೂಮಿನಿಯಂ ಸುಮಾರು ಎರಡರಷ್ಟು ಶಾಖ ಹಿಡಿಯುತ್ತದೆ. ಆದರೆ ಒಂದೇ ಅಳತೆಯ ತುಂಡುಗಳಲ್ಲಿ ಕಬ್ಬಿಣದ ತೂಕ ಅಲ್ಯೂಮಿನಿಯಮ್ಮಿನ ಎರಡೂವರೆ ಪಟ್ಟಿಗೂ ಹೆಚ್ಚು. ಆದ್ದರಿಂದ ಅದೇ ಗಾತ್ರದ ಕಾವಲಿಯಲ್ಲಿ ಹೆಚ್ಚು ಶಾಖ ಸಂಗ್ರಹವಾಗುವುದು ಕಬ್ಬಿಣದಲ್ಲೇ. ತಣ್ಣನೆಯ ಹಿಟ್ಟು ಬಿದ್ದರೂ ಕಾವು ಕುಸಿಯುವುದಿಲ್ಲ. ದೋಸೆ ಗರಿಗರಿಯಾಗಿ ಏಳುತ್ತದೆ. ರೊಟ್ಟಿಯ ಹಂಚು ತೆಳ್ಳಗಿದ್ದರೆ ಬೇಗ ಕಾಯುತ್ತದೆ, ಸೌದೆ ಉಳಿಯುತ್ತದೆ. ಎರಡಕ್ಕೂ ಅದರದರ ಕೆಲಸವಿತ್ತು. 1986ರಲ್ಲಿ ನನಗದು ತಿಳಿದಿರಲಿಲ್ಲ. ಅಮ್ಮನಿಗೆ ತಿಳಿದಿತ್ತು, ನಾನು ಕೇಳಲಿಲ್ಲ.

ಇನ್ನೊಂದು ಮಾತು, ಹೆಣ್ಣುಮಕ್ಕಳ ಆರೋಗ್ಯದ ದೃಷ್ಟಿಯಿಂದ. 1999ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಥಿಯೋಪಿಯಾದ ಮಕ್ಕಳನ್ನು ಕುರಿತ ಅಧ್ಯಯನವೊಂದು ಪ್ರಕಟವಾಯಿತು. ಅಲ್ಯೂಮಿನಿಯಂ ಪಾತ್ರೆಯ ಅಡುಗೆ ಉಂಡವರಿಗಿಂತ ಕಬ್ಬಿಣದ ಪಾತ್ರೆಯ ಅಡುಗೆ ಉಂಡ ಮಕ್ಕಳಲ್ಲಿ ರಕ್ತಹೀನತೆ ಕಡಿಮೆಯಾಗಿತ್ತು. ಚೆನ್ನಾಗಿ ಪಳಗಿದ ಕಾವಲಿಯ ದೋಸೆಯಲ್ಲಿ ಅಷ್ಟು ಕಬ್ಬಿಣ ಸಿಗಲಾರದು, ಪೊರೆ ಅಡ್ಡವಿರುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಮಾಡಿದ ಪಲ್ಯ, ಗೊಜ್ಜುಗಳಲ್ಲಿ ಹೆಚ್ಚು ಸಿಗುತ್ತದೆ. ಆದರೆ ಮಾಡಿದ ಗೊಜ್ಜನ್ನು ಅದರಲ್ಲೇ ಬಿಡದೆ ಕೂಡಲೇ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಬೇಕು, ಇಲ್ಲವಾದರೆ ಕಪ್ಪಾಗಿ ಕಬ್ಬಿಣದ ಒಗರು ಬರುತ್ತದೆ.

ನಿಮ್ಮ ಮನೆಯ ಅಟ್ಟದಲ್ಲಿ ತುಕ್ಕು ಹಿಡಿದ ಕಾವಲಿಯಿದ್ದರೆ ಅದು ಸತ್ತಿತೆಂದು ತಿಳಿಯಬೇಡಿ. ಹುಣಸೆನೀರು ಹಾಕಿ ನಾರಿನಿಂದ ತಿಕ್ಕಿ ತುಕ್ಕು ಬಿಡಿಸಿ. ಹೊಸ ಕಾವಲಿಯ ಮೈ ಕಾಣಿಸುವವರೆಗೆ ಮಾತ್ರ ಹುಣಸೆಗೆ ಅಪ್ಪಣೆ. ಕೂಡಲೇ ತೊಳೆದು, ಒಲೆಯ ಮೇಲೆ ತೇವ ಪೂರ್ತಿ ಆರಿಸಿ, ಮೊದಲಿನಿಂದ ಪಳಗಿಸಿ. ಒಂದು ತಿಂಗಳಲ್ಲಿ ಮತ್ತೆ ದೋಸೆ ಏಳುತ್ತದೆ. ಬಿರುಕು ಬಿಟ್ಟದ್ದಕ್ಕೆ ಮಾತ್ರ ಮದ್ದಿಲ್ಲ.

ಮೊನ್ನೆ ಒಂದು ರಟ್ಟಿನ ಚೀಟಿಯ ಮೇಲೆ ಹೀಗೆ ಬರೆದು ಕಾವಲಿ ತೂಗುವ ಮೊಳೆಗೆ ಕಟ್ಟಿದೆ: "ಎರಕದ ಕಾವಲಿ. 1947ರಲ್ಲಿ ಅಪ್ಪ ಭದ್ರಾವತಿಯಿಂದ ತಂದದ್ದು. ಹೇಳಿದವರು ದೊಡ್ಡಕ್ಕ." ಅದರ ಕೆಳಗೆ ಇನ್ನೊಂದು ಸಾಲು: "ಇದೇ ಮೊಳೆಯಲ್ಲಿ ಮುತ್ತಜ್ಜಿಯ ರೊಟ್ಟಿ ಹಂಚು ಇತ್ತು. 1986ರಲ್ಲಿ ನಾನು ಮಾರಿದೆ." ಬರೆದು ಮುಗಿಸಿದ ಮೇಲೆ ಬೆಂಗಳೂರಿಗೆ ದೂರವಾಣಿ ಮಾಡಿ ಮಗುವಿಗೆ ಎಲ್ಲವನ್ನೂ ಹೇಳಿದೆ. ಇನ್ನೂರು ವರ್ಷ ಅಲ್ಲವೆಂದು ಆಕೆಗೆ ಬೇಸರವಾದೀತೆಂದು ಅಳುಕಿತ್ತು. ಅವಳು ಕೇಳಿದ್ದು ಒಂದೇ ಪ್ರಶ್ನೆ: "ದೊಡ್ಡ ತಾತ, ನಿಮ್ಮ ಅಮ್ಮನಿಗೆ ಸಾರಿ ಹೇಳಿದ್ರಾ?"

ಹೇಳಿರಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಬಂಧುಗಳಲ್ಲಿ ಒಂದು ವಿನಂತಿ. ನಮ್ಮ ಕುಟುಂಬದ ಬೇರೆ ಬೇರೆ ಮನೆಗಳ ಅಟ್ಟಗಳಲ್ಲಿ, ಬಚ್ಚಲ ಒಲೆಯ ಹಿಂದೆ, ಕೊಟ್ಟಿಗೆಯ ಮೂಲೆಯಲ್ಲಿ ಸುತ್ತಿಗೆಯ ಗುರುತುಳ್ಳ ತೆಳ್ಳನೆಯ ಹಂಚುಗಳು ಇನ್ನೂ ಇರಬಹುದು. ಮಾರುವ ಮೊದಲು ಮನೆಯ ಹಿರಿಯರನ್ನೊಮ್ಮೆ ಕೇಳಿ. ಯಾರು ತಂದರು, ಎಲ್ಲಿಂದ ತಂದರು, ಅದರ ಮೇಲೆ ಏನು ಮಾಡುತ್ತಿದ್ದರು ಎಂದು ಬರೆದಿಡಿ. ಅವರು ಇರುವಾಗಲೇ ಕೇಳಿ. ವಿದ್ಯಾರ್ಥಿಗಳೇ, ನಿಮಗೂ ಇದೇ ಮಾತು. ಇದನ್ನು ಮೇಷ್ಟ್ರು ತಡವಾಗಿ ಕೊಟ್ಟ ಮನೆಗೆಲಸವೆಂದು ತಿಳಿಯಿರಿ.